ನಳಿಕೆ ತೆಗೆದರಾಯಿತೆ? ತುತ್ತು ಕಲಿಸುವವರು ಯಾರು?

ತಿಂಗಳು ತುಂಬುವ ಮೊದಲೇ ಹುಟ್ಟಿದ ಅಥವಾ ಹುಟ್ಟುವಾಗ ಉಸಿರುಕಟ್ಟಿದ ಕೂಸನ್ನು ಬದುಕಿಸಿಕೊಳ್ಳುವಲ್ಲಿ ನಮ್ಮ ಸರ್ಕಾರಿ ಆಸ್ಪತ್ರೆಗಳು ಕಳೆದ ಎರಡು ದಶಕಗಳಲ್ಲಿ ಬಹಳ ಮುಂದೆ ಬಂದಿವೆ. ಒಂದು ಕಾಲಕ್ಕೆ ಒಂದೂವರೆ ಕಿಲೋ ತೂಕದ ಕೂಸೆಂದರೆ ಮನೆಮಂದಿಯೇ ಆಸೆ ಬಿಡುತ್ತಿದ್ದರು. ಇಂದು ಅಂಥ ಮಕ್ಕಳಲ್ಲಿ ಬಹುಪಾಲು ಬದುಕುಳಿದು ಮನೆಗೆ ಮರಳುತ್ತವೆ. ಈ ಯಶಸ್ಸಿನಲ್ಲಿ ದೊಡ್ಡ ಯಂತ್ರಗಳಷ್ಟೇ ಪಾಲು ಒಂದು ಸಣ್ಣ ಪ್ಲಾಸ್ಟಿಕ್ ನಳಿಕೆಗೂ ಇದೆ. ಬಾಯಿಂದ ಹಾಲು ಕುಡಿಯಲಾರದ ಕೂಸಿಗೆ ಮೂಗಿನಿಂದ ಅಥವಾ ಬಾಯಿಂದ ಜಠರದವರೆಗೆ ಇಳಿಸುವ ಈ ನಳಿಕೆಯೇ ಅನ್ನದಾತ.

ಆದರೆ ನಳಿಕೆ ತೆಗೆದ ದಿನವೇ ಚಿಕಿತ್ಸೆ ಮುಗಿಯಿತೆಂದು ತಿಳಿಯುವ ರೂಢಿ ನಮ್ಮಲ್ಲಿ ಬೆಳೆದಿದೆ. ನಳಿಕೆ ತೆಗೆಯುವುದು ಒಂದು ಕ್ಷಣದ ಕೆಲಸ. ಬಾಯಿಂದ ಉಣ್ಣುವುದನ್ನು ಕಲಿಸುವುದು ವಾರಗಳ, ಕೆಲವು ಮಕ್ಕಳಲ್ಲಿ ತಿಂಗಳುಗಳ ಕೆಲಸ. ಮೊದಲನೆಯದಕ್ಕೆ ವೈದ್ಯರಿದ್ದಾರೆ, ದಾದಿಯರಿದ್ದಾರೆ. ಎರಡನೆಯದನ್ನು ಯಾರೂ ತಮ್ಮ ಕೆಲಸವೆಂದು ಭಾವಿಸಿಲ್ಲ. ಅದು ತಾನಾಗಿ ಆಗುತ್ತದೆ ಎಂಬ ನಂಬಿಕೆಯೇ ಅನೇಕ ಮಕ್ಕಳಿಗೆ ಮುಳುವಾಗುತ್ತಿದೆ.

ರಾಯಚೂರು ತಾಲ್ಲೂಕಿನ ಚಂದ್ರಬಂಡ ಹೋಬಳಿಯನ್ನೇ ನೋಡೋಣ. ಅಲ್ಲಿನ ಹಳ್ಳಿಯೊಂದರ ಕೂಲಿ ಮಾಡುವ ತಾಯಿಗೆ ಏಳನೆಯ ತಿಂಗಳು ಮುಗಿಯುವಷ್ಟರಲ್ಲಿ ಹೆರಿಗೆಯಾಯಿತು ಎಂದಿಟ್ಟುಕೊಳ್ಳಿ. ಕೂಸನ್ನು ರಾಯಚೂರಿಗೆ ತಂದು ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ ಸೇರಿಸುತ್ತಾರೆ. ಮೂರು ವಾರ ನಳಿಕೆಯಿಂದ ಹಾಲು. ಆಮೇಲೆ ನಳಿಕೆ ತೆಗೆದು, ಎರಡು ದಿನ ನೋಡಿ, ತೂಕ ಏರುತ್ತಿದೆ ಎಂದು ಮನೆಗೆ ಕಳಿಸುತ್ತಾರೆ. ಊರು ಮುಟ್ಟಿದ ಕೂಡಲೇ ನೆರೆಹೊರೆಯವರು ಕೇಳುವ ಮೊದಲ ಮಾತು, 'ಕೂಸು ಮೊಲಿ ಕುಡೀತದೇನವ್ವಾ?' ಆ ಪ್ರಶ್ನೆಗೆ ತಾಯಿಯ ಬಳಿ ಸರಿಯಾದ ಉತ್ತರವಿರುವುದಿಲ್ಲ. ಆಸ್ಪತ್ರೆಯಲ್ಲಿ ಹಾಲು ಹಾಕುತ್ತಿದ್ದವರು ದಾದಿಯರು. ಅವಳ ಕೆಲಸ ಹಾಲು ಹಿಂಡಿ ಕೊಡುವುದಷ್ಟೇ ಆಗಿತ್ತು. ಈಗ ಕೂಸು ಎರಡು ಗುಟುಕು ಎಳೆದು ನಿದ್ದೆ ಹೋಗುತ್ತದೆ, ಇಲ್ಲವೇ ಕೆಮ್ಮಿ ನೀಲಿಗಟ್ಟುತ್ತದೆ. ಇಂಥ ಹೊತ್ತಿನಲ್ಲೇ ಬಾಟಲಿ ಬರುತ್ತದೆ, ನೀರು ಬೆರೆಸಿದ ಹಾಲು ಬರುತ್ತದೆ, ಮೂಗು ಹಿಡಿದು ಕುಡಿಸುವ ಉಪಾಯ ಬರುತ್ತದೆ.

ಬಾಯಿಗೆ ಏಕೆ ಬರುವುದಿಲ್ಲ?

ಹಾಲು ಕುಡಿಯುವುದು ನೋಡಲು ಸುಲಭ. ಆದರೆ ಅದರಲ್ಲಿ ಮೂರು ಕೆಲಸಗಳು ಸೇರಿವೆ. ಚೀಪಬೇಕು, ನುಂಗಬೇಕು, ನಡುವೆ ಉಸಿರಾಡಬೇಕು. ನುಂಗುವ ಗಳಿಗೆಯಲ್ಲಿ ಉಸಿರು ನಿಂತು ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ನುಂಗಿದ ಕೂಡಲೇ ಅದು ಮತ್ತೆ ತೆರೆಯಬೇಕು. ಈ ತಾಳ ತಪ್ಪಿದರೆ ಹಾಲು ಅನ್ನನಾಳದ ಬದಲು ಶ್ವಾಸಕೋಶದ ಹಾದಿ ಹಿಡಿಯುತ್ತದೆ. ಗರ್ಭದಲ್ಲಿ ಸುಮಾರು 32ರಿಂದ 34 ವಾರ ತುಂಬುವ ಹೊತ್ತಿಗೆ ಈ ಹೊಂದಾಣಿಕೆ ಕೈಗೂಡತೊಡಗುತ್ತದೆ. ಅದಕ್ಕಿಂತ ಮೊದಲು ಹುಟ್ಟಿದ ಕೂಸು ಕುಡಿಯದಿದ್ದರೆ ಅದು ಹಟವಲ್ಲ, ಆ ವಿದ್ಯೆ ಅದಕ್ಕಿನ್ನೂ ಬಂದಿಲ್ಲ ಅಷ್ಟೆ.

ನಳಿಕೆಯ ಆಸರೆ ಬೇಕಾಗುವವರು ಇವರಷ್ಟೇ ಅಲ್ಲ. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದೆ ಮುಂದೆ ಕೈಕಾಲು ಬಿಗಿಯಾಗುವ ಮಕ್ಕಳಿದ್ದಾರೆ. ಅವರ ನಾಲಿಗೆ, ದವಡೆ, ಗಂಟಲಿನ ಸ್ನಾಯುಗಳೂ ಹೇಳಿದಂತೆ ಕೇಳುವುದಿಲ್ಲ. ಅನ್ನನಾಳವೇ ಸರಿಯಾಗಿ ರೂಪುಗೊಳ್ಳದೆ ಹುಟ್ಟಿ ಶಸ್ತ್ರಚಿಕಿತ್ಸೆಯಾದ ಮಕ್ಕಳಿದ್ದಾರೆ. ತೀವ್ರ ಅಪೌಷ್ಟಿಕತೆಯಿಂದ ಹಸಿವೇ ಸತ್ತುಹೋದ ಮಕ್ಕಳೂ ಇದ್ದಾರೆ.

ಹೆಚ್ಚು ದಿನ ನಳಿಕೆಯಲ್ಲಿದ್ದ ಮಗುವಿಗೆ ಇನ್ನೊಂದು ತೊಡಕು ಇದೆ. ಸಾಮಾನ್ಯ ಕೂಸಿಗೆ ಹಸಿವು, ತಾಯಿಯ ವಾಸನೆ, ಹಾಲಿನ ರುಚಿ, ಹೊಟ್ಟೆ ತುಂಬಿದ ಸುಖ ಇವೆಲ್ಲ ಒಂದರ ಬೆನ್ನಿಗೊಂದು ಬರುತ್ತವೆ. ಬಾಯಿಗೆ ಬಂದದ್ದು ಒಳ್ಳೆಯದು ಎಂದು ಅದು ದಿನಕ್ಕೆ ಹತ್ತು ಸಲ ಕಲಿಯುತ್ತದೆ. ನಳಿಕೆಯ ಮಗುವಿಗೆ ಗಡಿಯಾರ ನೋಡಿ ಹೊಟ್ಟೆ ತುಂಬಿಸುತ್ತಾರೆ. ಹಸಿವಿನ ಅರಿವಾಗುವ ಮೊದಲೇ ಹಾಲು ಒಳಗೆ ಹೋಗಿರುತ್ತದೆ. ಬಾಯಿಗೆ ಬರುವುದೋ ನಳಿಕೆ, ಕಫ ಹೀರುವ ಕೊಳವೆ, ಕೆನ್ನೆಗೆ ಅಂಟಿಸಿದ ಟೇಪು. ಮುಖದ ಹತ್ತಿರ ಕೈ ಬಂದರೆ ನೋವಾಗುತ್ತದೆ ಎಂಬುದೇ ಅದರ ಪಾಠ. ಅಂಥ ಮಗು ಮುಂದೆ ಚಮಚ ಕಂಡೊಡನೆ ತುಟಿ ಬಿಗಿಹಿಡಿದರೆ ಅಚ್ಚರಿಯೇನು?

ಇದಕ್ಕೆ ಕಾಲದ ಮಿತಿಯೂ ಉಂಟು. ಆರು ತಿಂಗಳಿನಿಂದ ಒಂದು ವರ್ಷದೊಳಗಿನ ಕಾಲ ಮೆತ್ತನೆಯ ಆಹಾರವನ್ನು ನಾಲಿಗೆಯಿಂದ ಹೊರಳಿಸಿ ಅಗಿಯಲು ಕಲಿಯುವ ಕಾಲ. ಗಂಟುಗಂಟಾದ ಆಹಾರವನ್ನು ಹತ್ತು ತಿಂಗಳಾದ ಮೇಲೆ ಮೊದಲ ಸಲ ಕಂಡ ಮಕ್ಕಳಲ್ಲಿ ಊಟದ ತೊಂದರೆ ಹೆಚ್ಚು ಎಂದು ಇಂಗ್ಲೆಂಡಿನ ಒಂದು ದೊಡ್ಡ ಅಧ್ಯಯನ 2001ರಲ್ಲಿ ತೋರಿಸಿತು. ಆದ್ದರಿಂದ 'ದೊಡ್ಡದಾದ ಮೇಲೆ ತಾನೇ ತಿನ್ನುತ್ತದೆ ಬಿಡಿ' ಎಂಬ ಮಾತು ಎಲ್ಲ ಮಕ್ಕಳಿಗೂ ಹೊಂದುವುದಿಲ್ಲ.

ಆಸ್ಪತ್ರೆಯಲ್ಲೇ ಶುರುವಾಗಬೇಕು

ತುತ್ತಿನ ಪಾಠ ನಳಿಕೆ ತೆಗೆದ ಮೇಲೆ ಶುರುವಾಗುವುದಲ್ಲ, ನಳಿಕೆ ಇರುವಾಗಲೇ ಶುರುವಾಗಬೇಕು. ಅದಕ್ಕೆ ಖರ್ಚಿನ ಸಲಕರಣೆ ಬೇಕಿಲ್ಲ. ತಾಯಿಯ ಎದೆಯೇ ಸಾಕು. ಕೂಸನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಅವುಚಿ ಇಡುವ ಕಾಂಗರೂ ಆರೈಕೆಯನ್ನು 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ವೈದ್ಯ ಎಡ್ಗರ್ ರೇ ಸನಾಬ್ರಿಯಾ ರೂಢಿಗೆ ತಂದರು. ಆಗ ಅಲ್ಲಿ ಕೂಸುಗಳಿಗೆ ಬೇಕಾದಷ್ಟು ಯಂತ್ರಗಳಿರಲಿಲ್ಲ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವು, ಹುಟ್ಟಿದ ಕೂಡಲೇ ಈ ಆರೈಕೆ ಶುರುಮಾಡಿದರೆ ಕಡಿಮೆ ತೂಕದ ಶಿಶುಗಳ ಮರಣ ಸುಮಾರು ಕಾಲುಭಾಗ ಇಳಿಯುತ್ತದೆ ಎಂದು ಕಂಡಿತು. ದೂರದ ಮಾತೇಕೆ, ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರಿ ಆಸ್ಪತ್ರೆಗಳ ಜೊತೆಗೂಡಿ ಈ ಆರೈಕೆಯನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಕೆಲಸ ಮಾಡಿದ್ದಾರೆ. ಕೊಪ್ಪಳದಲ್ಲಿ ಆಗುವುದು ರಾಯಚೂರಿನಲ್ಲಿ ಆಗದು ಎನ್ನಲು ಕಾರಣವಿಲ್ಲ.

ಎದೆಗವುಚಿದ ಕೂಸಿಗೆ ಹಾಲಿನ ವಾಸನೆ ಸಿಗುತ್ತದೆ. ಹಾಲನ್ನು ಹಿಂಡಿ ತೆಗೆದ ಮೇಲೆ ಬರಿದಾದ ಮೊಲೆಯನ್ನು ಚೀಪಲು ಬಿಟ್ಟರೆ ಉಸಿರುಗಟ್ಟುವ ಭಯವಿಲ್ಲದೆ ಚೀಪುವ ಅಭ್ಯಾಸವಾಗುತ್ತದೆ. ನಳಿಕೆಯಿಂದ ಹಾಲು ಇಳಿಯುತ್ತಿರುವ ಹೊತ್ತಿನಲ್ಲೇ ಹೀಗೆ ಮಾಡಿಸಿದರೆ ಚೀಪುವುದಕ್ಕೂ ಹೊಟ್ಟೆ ತುಂಬುವುದಕ್ಕೂ ನಂಟು ಬೆಳೆಯುತ್ತದೆ. ಹೀಗೆ ಚೀಪಲು ಅವಕಾಶ ಸಿಕ್ಕ ಮಕ್ಕಳು ನಳಿಕೆಯಿಂದ ಬೇಗ ಬಿಡುಗಡೆ ಹೊಂದಿ, ಬೇಗ ಮನೆಗೆ ಹೋಗುತ್ತವೆ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ.

ನಳಿಕೆಗೂ ಮೊಲೆಗೂ ನಡುವಿನ ಸೇತುವೆ ಒಳಲೆ ಅಥವಾ ಸಣ್ಣ ಬಟ್ಟಲು. ನಮ್ಮ ಅಜ್ಜಿಯರ ಕಾಲದ ಒಳಲೆಯನ್ನು ಇಂದು ದೊಡ್ಡ ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ಕಡಿಮೆ ತೂಕದ ಶಿಶುಗಳಿಗೆ ಬಾಟಲಿಗಿಂತ ಬಟ್ಟಲು, ಚಮಚವೇ ಮೇಲೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಅದನ್ನು ಹಿಡಿಯುವ ರೀತಿ ಮುಖ್ಯ. ಕೂಸನ್ನು ಅರ್ಧ ಕೂರಿಸಿದಂತೆ ಹಿಡಿದು, ಬಟ್ಟಲಿನ ಅಂಚನ್ನು ಕೆಳತುಟಿಗೆ ತಾಗಿಸಿ, ಅದು ತಾನೇ ನೆಕ್ಕಿ ಹೀರಿಕೊಳ್ಳಲು ಬಿಡಬೇಕು. ಗಂಟಲಿಗೆ ಸುರಿಯಬಾರದು.

ಮನೆಯಲ್ಲಿ ಬಲವಂತ ಬೇಡ

ಕಾಲು ಚಾಚಿ ಕುಳಿತು, ಕೂಸನ್ನು ಕಾಲಮೇಲೆ ಅಂಗಾತ ಮಲಗಿಸಿ, ಕೆನ್ನೆ ಒತ್ತಿ, ಮೂಗು ಹಿಡಿದು ಹಾಲನ್ನೋ ಗಂಜಿಯನ್ನೋ ಹೊಯ್ಯುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿದೆ. ಇದರ ಹಿಂದೆ ಇರುವುದು ಕ್ರೌರ್ಯವಲ್ಲ, ಕೂಸು ಹಸಿದಿದೆ ಎಂಬ ಕಳಕಳಿ. ಗಟ್ಟಿಮುಟ್ಟಾದ ಮಗು ಅತ್ತು, ಉಗುಳಿ, ಹೇಗೋ ಪಾರಾಗುತ್ತದೆ. ನುಂಗುವ ಶಕ್ತಿ ಕಡಿಮೆಯಿರುವ ಮಗು ಪಾರಾಗದು. ಹಾಲು ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಕೆಲವು ಮಕ್ಕಳಲ್ಲಿ ಕೆಮ್ಮೂ ಬಾರದೆ ಸದ್ದಿಲ್ಲದೆ ಹೀಗಾಗುತ್ತದೆ. ಬದುಕುಳಿದ ಮಗುವಿಗಂತೂ ಬಾಯಿಯ ಭಯ ಇಮ್ಮಡಿಯಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮಗುವಿನ ತಲೆ, ಬೆನ್ನು ನೆಟ್ಟಗಿರುವಂತೆ ಆಸರೆ ಕೊಟ್ಟು ಕೂರಿಸಿ. ಮುಖಕ್ಕೆ ಮುಖ ಕೊಟ್ಟು ಕುಳಿತುಕೊಳ್ಳಿ. ಮೊದಲು ಅದರ ಕೈಗೆ ಚಮಚ ಕೊಡಿ, ಬಟ್ಟಲಲ್ಲಿ ಕೈಯಾಡಿಸಲಿ, ಬೆರಳನ್ನು ತಾನೇ ಬಾಯಿಗೆ ಇಟ್ಟುಕೊಳ್ಳಲಿ. ಚೆಲ್ಲಿದರೆ ಬೈಯಬೇಡಿ. ಒಂದು ಸಲಕ್ಕೆ ಚಮಚದ ತುದಿಯಷ್ಟೇ ಕೊಡಿ. ನುಂಗಿದ್ದು ಖಚಿತವಾದ ಮೇಲೆ ಮುಂದಿನದು. ಮುಖ ತಿರುಗಿಸಿದರೆ, ತುಟಿ ಮುಚ್ಚಿದರೆ ನಿಲ್ಲಿಸಿ. ಸಾಕು ಎಂಬ ಅದರ ಮಾತಿಗೆ ಬೆಲೆ ಸಿಕ್ಕಿದರೆ ಬೇಕು ಎಂಬ ಮಾತೂ ಮುಂದೆ ಬರುತ್ತದೆ. ಮನೆಮಂದಿ ಊಟಕ್ಕೆ ಕುಳಿತಾಗ ಮಗುವನ್ನೂ ತೊಡೆಯ ಮೇಲೆ ಕೂರಿಸಿಕೊಳ್ಳಿ. ಉಣ್ಣುವವರನ್ನು ನೋಡಿಯೇ ಮಕ್ಕಳು ಉಣ್ಣಲು ಕಲಿಯುತ್ತವೆ.

ಆರು ತಿಂಗಳ ನಂತರದ ಆಹಾರಕ್ಕೆ ಅಂಗಡಿಯ ಡಬ್ಬಿ ಬೇಕಿಲ್ಲ. ನುಣ್ಣಗೆ ಬೇಯಿಸಿದ ಅಕ್ಕಿಯ ನುಚ್ಚು ಮತ್ತು ಹೆಸರುಬೇಳೆ, ಅದಕ್ಕೊಂದು ಚಮಚ ತುಪ್ಪ ಅಥವಾ ಎಣ್ಣೆ, ಜೋಳದ ಹಿಟ್ಟಿನ ಗಟ್ಟಿ ಗಂಜಿ, ಕಿವುಚಿದ ಬಾಳೆಹಣ್ಣು, ಮೊಟ್ಟೆ ಇವೇ ಒಳ್ಳೆಯವು. ತೀರ ತೆಳ್ಳಗಿನದು ಗಂಟಲಿನಲ್ಲಿ ಬೇಗ ಜಾರುತ್ತದೆ. ನುಂಗಲು ತೊಡಕಿರುವ ಹಲವು ಮಕ್ಕಳಿಗೆ ಸ್ವಲ್ಪ ಗಟ್ಟಿಯಾದದ್ದೇ ಹಿಡಿತಕ್ಕೆ ಸಿಗುತ್ತದೆ. ಯಾವ ಮಗುವಿಗೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ ಪರೀಕ್ಷೆ ಮಾಡಿದವರೇ ಹೇಳಬೇಕು. ಇಡೀ ಶೇಂಗಾ, ಪುಟಾಣಿ, ಕಡಲೆ ಯಾವ ಚಿಕ್ಕ ಮಗುವಿಗೂ ಬೇಡ. ಅವು ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಎರವು. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಮೇಲಾಹಾರ ಶುರುಮಾಡುವ ದಿನವನ್ನು ವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಹುಟ್ಟಿದ ದಿನವನ್ನಷ್ಟೇ ಅಲ್ಲ, ಹುಟ್ಟಬೇಕಾಗಿದ್ದ ದಿನವನ್ನೂ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ.

ಕೆಲವು ಲಕ್ಷಣಗಳನ್ನು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಪ್ರತಿ ಸಲ ಕುಡಿಯುವಾಗ ಕೆಮ್ಮುವುದು, ತುಟಿ ನೀಲಿಯಾಗುವುದು, ಕುಡಿದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಮೇಲಿಂದ ಮೇಲೆ ನ್ಯುಮೋನಿಯಾ, ಒಂದೊಂದು ಊಟಕ್ಕೂ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದು, ತೂಕ ಏರದಿರುವುದು. ಇವುಗಳಲ್ಲಿ ಯಾವುದಿದ್ದರೂ ಮಗುವನ್ನು ಆಸ್ಪತ್ರೆಗೆ ತೋರಿಸಲೇಬೇಕು.

ಹಸಿವೆಂಬ ಗುರು

ತಿಂಗಳುಗಟ್ಟಲೆ ನಳಿಕೆಯಲ್ಲೇ ಇರುವ ಮಕ್ಕಳ ಮಾತು ಬೇರೆ. ನುಂಗಲು ಶಕ್ತಿಯಿದ್ದೂ ನುಂಗದ ಇಂಥ ಮಕ್ಕಳಿಗಾಗಿ ಆಸ್ಟ್ರಿಯಾ ದೇಶದ ಗ್ರಾಜ್ ನಗರದ ವಿಶ್ವವಿದ್ಯಾಲಯದ ಮಕ್ಕಳ ವೈದ್ಯರು ಒಂದು ಕ್ರಮ ರೂಪಿಸಿದ್ದಾರೆ. ನಳಿಕೆಯ ಆಹಾರವನ್ನು ತಗ್ಗಿಸುತ್ತಾ ಬಂದು ಹಸಿವನ್ನು ಎಚ್ಚರಿಸುವುದು, ಮಕ್ಕಳನ್ನೆಲ್ಲ ಒಟ್ಟಿಗೆ ಕೂರಿಸಿ ತಿಂಡಿಗಳ ನಡುವೆ ಆಡಲು ಬಿಡುವುದು, ಯಾರೂ ತಿನ್ನು ಎಂದು ಒತ್ತಾಯಿಸದಿರುವುದು, ಇದೇ ಅದರ ತಿರುಳು. ಹಸಿವು ದೊಡ್ಡ ಗುರು ಎಂಬುದು ನಮ್ಮ ಹಿರಿಯರಿಗೂ ತಿಳಿದಿದ್ದ ಮಾತೇ. ಆದರೆ ಅಲ್ಲಿ ದಿನವೂ ತೂಕ ನೋಡಿ, ನೀರಿನಂಶ ಕಡಿಮೆಯಾಗದಂತೆ ವೈದ್ಯರು ಕಾಯುತ್ತಾರೆ ಎಂಬುದನ್ನು ಮರೆಯಬಾರದು. ಮನೆಯಲ್ಲಿ ತಾವಾಗಿಯೇ ನಳಿಕೆ ಕಿತ್ತು 'ಹಸಿದರೆ ತಿನ್ನುತ್ತದೆ' ಎಂದು ಉಪವಾಸ ಕೆಡಹುವುದು ಅಪಾಯ. ನುಂಗಲು ಶಕ್ತಿಯೇ ಇಲ್ಲದ ಮಗುವಿಗೆ ನಳಿಕೆ ಮುಂದುವರಿಸುವುದು ಸೋಲೂ ಅಲ್ಲ, ಅವಮಾನವೂ ಅಲ್ಲ.

ಅಪೌಷ್ಟಿಕ ಮಕ್ಕಳ ಚಿಕಿತ್ಸೆಯಲ್ಲಿ ಇದಕ್ಕೆ ಸ್ಪಷ್ಟ ಅಳತೆಯಿದೆ. ದಿನದ ಹಾಲಿನ ಶೇ 80 ಭಾಗವನ್ನು ಬಾಯಿಂದಲೇ ಕುಡಿದರೆ, ಅಥವಾ ಬೆನ್ನುಬೆನ್ನಿಗೆ ಎರಡು ಸಲ ಪೂರ್ತಿ ಕುಡಿದರೆ ನಳಿಕೆ ತೆಗೆಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿ ಪಾಠ ಹೇಳುತ್ತದೆ. ಪ್ರತಿ ಸಲವೂ ಮೊದಲು ಬಾಯಿಂದ ಕೊಟ್ಟು, ಉಳಿದದ್ದನ್ನು ಮಾತ್ರ ನಳಿಕೆಯಿಂದ ಕೊಡಬೇಕು. 2011ರಲ್ಲಿ ರಾಯಚೂರು ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ಇಡೀ ರಾಜ್ಯದ ಸುದ್ದಿಯಾಯಿತು. ಮುಂದೆ ಹೈಕೋರ್ಟಿನ ಆದೇಶದಂತೆ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ನೇತೃತ್ವದ ಸಮಿತಿ ರಾಜ್ಯದ ಅಪೌಷ್ಟಿಕತೆಯ ಪರಿಶೀಲನೆ ನಡೆಸಿತು. ಪೌಷ್ಟಿಕ ಪುನಶ್ಚೇತನ ಕೇಂದ್ರಗಳ ಮಾತು ಜನರ ಕಿವಿಗೆ ಬಿದ್ದದ್ದು ಆ ಕಾಲದಲ್ಲಿ. ಆದರೆ ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಎರಡು ವಾರ ಕೂಲಿ ಬಿಟ್ಟು, ಮನೆಯ ಬೇರೆ ಮಕ್ಕಳನ್ನು ಬಿಟ್ಟು ಕೇಂದ್ರದಲ್ಲಿ ಕೂರುವುದು ದೇವದುರ್ಗ, ಮಾನ್ವಿಯ ತಾಯಂದಿರಿಗೆ ಸುಲಭವಲ್ಲ. ಮಗು ಬಾಯಿಂದ ಕುಡಿಯಲು ಕಲಿಯುವ ಮೊದಲೇ ಹೊರಟುಹೋಗುವ ತಾಯಿಯನ್ನು ಬೈದು ಫಲವಿಲ್ಲ. ಅವಳ ಕೂಲಿನಷ್ಟಕ್ಕೆ ಕೊಡುವ ಪರಿಹಾರ ಹೊತ್ತಿಗೆ ಸರಿಯಾಗಿ ಅವಳ ಕೈಸೇರಬೇಕು.

ಯಾರ ಹೊಣೆ?

ವ್ಯವಸ್ಥೆಯೇ ಇಲ್ಲವೆಂದಲ್ಲ. 2007ರಲ್ಲಿ ಆರಂಭವಾದ ರಿಮ್ಸ್ ವೈದ್ಯಕೀಯ ಕಾಲೇಜು ರಾಯಚೂರಿನಲ್ಲಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಯೋಜನೆಯಲ್ಲಿ ಜಿಲ್ಲೆಗೊಂದು ಶೀಘ್ರ ಚಿಕಿತ್ಸಾ ಕೇಂದ್ರ, ಅಲ್ಲಿ ಮಕ್ಕಳ ವೈದ್ಯರ ಜೊತೆಗೆ ಫಿಸಿಯೋಥೆರಪಿಸ್ಟ್, ವಾಕ್ ಚಿಕಿತ್ಸಕರು ಇರಬೇಕೆಂದಿದೆ. ಆಶಾ ಕಾರ್ಯಕರ್ತೆಯರು ಹೆರಿಗೆಯಾದ 42 ದಿನಗಳವರೆಗೆ, 2018ರಿಂದೀಚೆಗೆ ಮಗುವಿನ 3, 6, 9, 12 ಮತ್ತು 15ನೇ ತಿಂಗಳಲ್ಲಿಯೂ ಮನೆಗೆ ಬರುವ ಕ್ರಮವಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದ ಹೆಮ್ಮೆ. ವಾಕ್ ಚಿಕಿತ್ಸಕರೆಂದರೆ ಮಾತು ಕಲಿಸುವವರು ಎಂದಷ್ಟೇ ಜನ ತಿಳಿದಿದ್ದಾರೆ. ನುಂಗುವುದನ್ನು ಪರೀಕ್ಷಿಸಿ ಕಲಿಸುವುದೂ ಅವರದೇ ವಿದ್ಯೆ. ಆದರೆ ರಾಯಚೂರಿನಿಂದ ಮೈಸೂರು ಐನೂರು ಕಿಲೋಮೀಟರಿಗೂ ಮಿಕ್ಕ ದೂರ. ಕೂಲಿಯವರ ಮಗುವಿಗೆ ಆ ವಿದ್ಯೆ ಇಲ್ಲಿಯೇ ಸಿಗಬೇಕು.

ಕೊರತೆಯಿರುವುದು ಇವುಗಳ ನಡುವಿನ ಕೊಂಡಿಯಲ್ಲಿ. ಅದನ್ನು ಬೆಸೆಯಲು ಕೆಲವೇ ಕ್ರಮಗಳು ಸಾಕು. ಒಂದು, ನಳಿಕೆ ತೆಗೆದ ಮೇಲೆ ಕನಿಷ್ಠ ಒಂದು ಹಗಲು ಒಂದು ರಾತ್ರಿ ದಾದಿಯ ಕಣ್ಣೆದುರಿನಲ್ಲಿ ತಾಯಿಯೇ ಎಲ್ಲ ಸಲವೂ ಹಾಲುಣಿಸಿ ಸೈ ಎನಿಸಿಕೊಳ್ಳುವವರೆಗೆ ಮಗುವನ್ನು ಮನೆಗೆ ಕಳಿಸಬಾರದು. ಅಜ್ಜಿ ಜೊತೆಗಿದ್ದರೆ ಅವರಿಗೂ ಕಲಿಸಬೇಕು. ಮನೆಯಲ್ಲಿ ಮಗುವಿನ ಊಟದ ನಿರ್ಧಾರ ಅನೇಕ ಸಲ ಅವರದೇ. ತಂದೆಯನ್ನು ಬಾಗಿಲ ಹೊರಗೆ ನಿಲ್ಲಿಸುವುದೂ ತಪ್ಪು. ಎರಡು, ಎಷ್ಟು ಹಾಲು, ಎಷ್ಟು ಹೊತ್ತಿಗೆ, ಹೇಗೆ ಹಿಡಿಯಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂಬುದನ್ನು ಕನ್ನಡದಲ್ಲಿ, ಚಿತ್ರಗಳೊಂದಿಗೆ, ಒಂದೇ ಹಾಳೆಯಲ್ಲಿ ಬರೆದು ಕೊಡಬೇಕು. ಓದಲು ಬಾರದವರಿಗೆ ಚಿತ್ರವೇ ಅಕ್ಷರ. ಮೂರು, ಮಗು ಬಿಡುಗಡೆಯಾದ ಸುದ್ದಿ ಅದೇ ದಿನ ಊರಿನ ಆಶಾ ಕಾರ್ಯಕರ್ತೆಗೆ ತಲುಪಬೇಕು. ಆಕೆ ಮನೆಗೆ ಬಂದಾಗ ಮಗು ಹಾಲು ಕುಡಿಯುವುದನ್ನು ಕೇಳಿದರೆ ಸಾಲದು, ಕುಳಿತು ನೋಡಬೇಕು. ನಾಲ್ಕು, ಜಿಲ್ಲಾ ಕೇಂದ್ರದ ವಾಕ್ ಚಿಕಿತ್ಸಕರು ತಿಂಗಳಿಗೆ ಗೊತ್ತಾದ ದಿನ ದೇವದುರ್ಗ, ಮಾನ್ವಿ ತಾಲ್ಲೂಕು ಆಸ್ಪತ್ರೆಗಳಿಗೆ ಬರಬೇಕು. ಚಂದ್ರಬಂಡದಂಥ ಹೋಬಳಿಯ ಮಕ್ಕಳನ್ನು ನೋಡಲು ರಾಯಚೂರಿನಲ್ಲೇ ಒಂದು ದಿನ ಗೊತ್ತುಮಾಡಬೇಕು.

ಇರುವ ಹಾಸಿಗೆಗಳೇ ತುಂಬಿ ತುಳುಕುತ್ತಿರುವಾಗ, ಒಬ್ಬ ದಾದಿ ಹತ್ತಾರು ಕೂಸುಗಳನ್ನು ನೋಡುವಾಗ ಇದೆಲ್ಲ ಎಲ್ಲಿಂದ ಸಾಧ್ಯ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದಾದಿಯರ ಸಂಖ್ಯೆ ಹೆಚ್ಚಲೇಬೇಕು. ಆದರೆ ಕೈಗಳ ಕೊರತೆಯಿರುವ ಕಡೆಯೇ ತಾಯಿಯ ಎರಡು ಕೈಗಳನ್ನು ಬಳಸಿಕೊಳ್ಳಬೇಕಲ್ಲವೆ? ತಾಯಿಯನ್ನು ಗಾಜಿನ ಆಚೆ ನಿಲ್ಲಿಸುವ ಬದಲು ಒಳಗೆ ಕರೆದು ಕಲಿಸಿದರೆ ದಾದಿಯ ಹೊರೆ ಇಳಿಯುತ್ತದೆ. ಸರಿಯಾಗಿ ಕಲಿತು ಹೋದ ತಾಯಿಯ ಮಗು ತಿಂಗಳೊಳಗೆ ನ್ಯುಮೋನಿಯಾ ಹೊತ್ತು ಅದೇ ಹಾಸಿಗೆಗೆ ಮರಳುವ ಸಂಭವವೂ ಕಡಿಮೆ.

ಕೊನೆಯದಾಗಿ ಲೆಕ್ಕದ ಮಾತು. ಎಷ್ಟು ಮಕ್ಕಳು ದಾಖಲಾದವು, ಎಷ್ಟು ಗುಣವಾಗಿ ಹೋದವು ಎಂದು ಆಸ್ಪತ್ರೆಗಳು ಲೆಕ್ಕ ಬರೆಯುತ್ತವೆ. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆಯಬೇಕು. ಮನೆಗೆ ಹೋಗಿ ತಿಂಗಳಾದ ಮೇಲೆ ಆ ಮಗು ಬಾಯಿಂದ ಕುಡಿಯುತ್ತಿದೆಯೆ, ತೂಕ ಏರಿದೆಯೆ? ಈ ಅಂಕಣ ತುಂಬಲು ಒಬ್ಬ ಆಶಾ ಕಾರ್ಯಕರ್ತೆ, ಒಂದು ತಕ್ಕಡಿ, ಒಂದು ಫೋನ್ ಕರೆ ಸಾಕು. ನಳಿಕೆಯಿಂದ ಜೀವ ಉಳಿಸಿಕೊಂಡ ಮಕ್ಕಳಿಗೆ ತುತ್ತು ಕಲಿಸುವ ಹೊಣೆಯನ್ನು ಅದೃಷ್ಟಕ್ಕೆ ಬಿಡದೆ, ಇಂಥವರದು ಎಂದು ಹೆಸರು ಬರೆದು ಗೊತ್ತುಮಾಡಲಿ. ಜಿಲ್ಲೆಯ ಆರೋಗ್ಯಾಧಿಕಾರಿಗಳು ಮನಸ್ಸು ಮಾಡಿದರೆ ಇದಕ್ಕೆ ಬೆಂಗಳೂರಿನ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.